ಸೂಜಿ ಕಸಿದ ವೈದ್ಯ, ಸೂಜಿ ಕೊಟ್ಟ ವೈದ್ಯ

ವೈದ್ಯರು ಸೂಜಿ ಕೊಟ್ಟರು ಎಂದರೆ ನಮಗೆ ನೆನಪಾಗುವುದು ಇಂಜೆಕ್ಷನ್. ಆದರೆ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 1918-19ರ ಸುಮಾರಿಗೆ ತೆಗೆದ ಛಾಯಾಚಿತ್ರವೊಂದರಲ್ಲಿ ಕಾಣುವ ಸೂಜಿ ಬೇರೆ ಬಗೆಯದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಹಾಸಿಗೆ ಹಿಡಿದ ಅಮೆರಿಕದ ಸೈನಿಕರು ಅಲ್ಲಿ ಉಣ್ಣೆ ಹೆಣೆಯುತ್ತಿದ್ದಾರೆ. ಬಂದೂಕು ಹಿಡಿದ ಕೈಗಳಲ್ಲಿ ನಿಟ್ಟಿಂಗ್ ಕಡ್ಡಿ! ಆ ಕಾಲದ ಸೇನಾ ಆಸ್ಪತ್ರೆಗಳಲ್ಲಿ ಇಂಥ ಕೈಗೆಲಸ ಬರೀ ಹೊತ್ತು ಕಳೆಯುವ ಉಪಾಯವಾಗಿರಲಿಲ್ಲ, ಚಿಕಿತ್ಸೆಯ ಭಾಗವೇ ಆಗಿತ್ತು. ವಿಚಿತ್ರವೆಂದರೆ, ಅದಕ್ಕೆ ನಾಲ್ಕು ದಶಕ ಮೊದಲು ಅದೇ ದೇಶದ ಹೆಸರಾಂತ ನರರೋಗ ತಜ್ಞರೊಬ್ಬರು ರೋಗಿಗಳ ಕೈಯಿಂದ ಸೂಜಿಯನ್ನು ಕಸಿದುಕೊಂಡಿದ್ದರು.

ಮನಸ್ಸಿನ ಕಾಯಿಲೆಗೂ ಹೆಣಿಗೆಗೂ ನಂಟು ಬೆಳೆದದ್ದು ಅದಕ್ಕೂ ಹಿಂದೆ. ಬುದ್ಧಿ ಸ್ಥಿಮಿತ ತಪ್ಪಿದವರನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲದಲ್ಲಿ, 1796ರಲ್ಲಿ, ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದರು. ಅಲ್ಲಿ ಸರಪಳಿ ಇರಲಿಲ್ಲ. ಅವರ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕ್ 1813ರಲ್ಲಿ ಆ ಸಂಸ್ಥೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಮಹಿಳಾ ರೋಗಿಗಳನ್ನು ಸಾಧ್ಯವಾದಷ್ಟೂ ಹೊಲಿಗೆ, ಹೆಣಿಗೆ, ಮನೆಗೆಲಸಗಳಲ್ಲಿ ತೊಡಗಿಸುತ್ತಿದ್ದುದಾಗಿ ಹೇಳಿದ್ದಾರೆ. ಕೈಗೆ ಕೆಲಸವಿದ್ದರೆ ಮನಸ್ಸಿಗೆ ಹಿಡಿತ ಸಿಗುತ್ತದೆ ಎಂಬುದು ಅವರ ನಂಬಿಕೆ.

ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಹುಚ್ಚಾಸ್ಪತ್ರೆಗಳು ದೊಡ್ಡದಾಗುತ್ತಾ ಹೋದಂತೆ ಈ ನಂಬಿಕೆಯ ಬಣ್ಣವೂ ಬದಲಾಯಿತು. ಸಂಸ್ಥೆಯ ಬಟ್ಟೆ ಒಗೆಯುವುದು, ಹರಿದದ್ದನ್ನು ಹೊಲಿಯುವುದು, ಅಡುಗೆಗೆ ನೆರವಾಗುವುದು ಎಲ್ಲವೂ ರೋಗಿಗಳ ಪಾಲಿಗೆ ಬಂತು. ಇದು ಚಿಕಿತ್ಸೆಯೋ, ಬಿಟ್ಟಿ ಚಾಕರಿಯೋ? ಎರಡರ ನಡುವಿನ ಗೆರೆ ಅಳಿಸಿಹೋಗಿತ್ತು.

ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಿನ್ಸ್‌ಹಾರ್ನ್ ಸಂಗ್ರಹದಲ್ಲಿರುವ ಒಂದು ಮೇಲಂಗಿ ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಅದನ್ನು ಮಾಡಿದವರು ಆಗ್ನೆಸ್ ರಿಕ್ಟರ್. ವೃತ್ತಿಯಿಂದ ದರ್ಜಿಯಾಗಿದ್ದ ಈಕೆ ಹುಬರ್ಟಸ್‌ಬರ್ಗ್ ಆಸ್ಪತ್ರೆಯಲ್ಲಿದ್ದಾಗ, 1895ರಲ್ಲಿ, ಅಲ್ಲಿನ ಒರಟು ಬಟ್ಟೆಯಿಂದಲೇ ತನಗೊಂದು ಮೇಲಂಗಿ ಹೊಲಿದುಕೊಂಡರು. ಅದರ ಒಳಗೂ ಹೊರಗೂ ಬಣ್ಣದ ದಾರದಿಂದ ಅಕ್ಷರಗಳನ್ನು ತುಂಬಿದರು. ಬಹುಪಾಲನ್ನು ಇಂದು ಓದಲಾಗುವುದಿಲ್ಲ. ಓದಬಹುದಾದ ತುಣುಕುಗಳಲ್ಲಿ 'ನಾನು', 'ನನ್ನ' ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇದು ಹೆಣಿಗೆಯಲ್ಲ, ಕಸೂತಿ, ನಿಜ. ಆದರೂ ಸಂಸ್ಥೆಗಾಗಿ ಹಾಕುವ ಹೊಲಿಗೆಗೂ ತನಗಾಗಿ ಹಾಕಿಕೊಳ್ಳುವ ಹೊಲಿಗೆಗೂ ಇರುವ ಅಂತರವನ್ನು ಈ ಅಂಗಿಯಷ್ಟು ಚೆನ್ನಾಗಿ ಯಾವ ವೈದ್ಯಗ್ರಂಥವೂ ಹೇಳಲಾರದು.

ಇತ್ತ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅನುಕೂಲಸ್ಥ ಮನೆತನಗಳ ಮಹಿಳೆಯರಿಗೆ ಇದಕ್ಕೆ ತದ್ವಿರುದ್ಧವಾದ ಮದ್ದು ಸಿದ್ಧವಾಗಿತ್ತು. ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡಿ ಹೆಸರಾಗಿದ್ದ ಡಾ. ಸೈಲಾಸ್ ವಿಯರ್ ಮಿಚೆಲ್ 1877ರಲ್ಲಿ 'ವಿಶ್ರಾಂತಿ ಚಿಕಿತ್ಸೆ'ಯನ್ನು ವಿವರಿಸುವ ಪುಸ್ತಕ ಪ್ರಕಟಿಸಿದರು. ನರ ದೌರ್ಬಲ್ಯದ ರೋಗಿ ಮಲಗಿರಬೇಕು, ಹಾಲು ಕುಡಿಯಬೇಕು, ಮೈ ತಿಕ್ಕಿಸಿಕೊಳ್ಳಬೇಕು. ಕೆಲವರಿಗಂತೂ ನಾಲ್ಕೈದು ವಾರ ಎದ್ದು ಕೂರುವುದು, ಓದುವುದು, ಬರೆಯುವುದು, ಹೊಲಿಯುವುದು ಎಲ್ಲ ನಿಷಿದ್ಧ! ಲೇಖಕಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1887ರಲ್ಲಿ ಇದೇ ವೈದ್ಯರ ಬಳಿ ಹೋದವರು. ಮನೆಗೆ ಮರಳಿದ ಮೇಲೂ ಲೇಖನಿ ಮುಟ್ಟಬಾರದೆಂಬ ಅವರ ಸಲಹೆಯನ್ನು ಪಾಲಿಸಿ, ಬುದ್ಧಿಭ್ರಮಣೆಯ ಅಂಚಿಗೇ ತಲುಪಿದ್ದಾಗಿ ಗಿಲ್ಮನ್ ಮುಂದೆ ಹೇಳಿಕೊಂಡರು. 1892ರಲ್ಲಿ ಪ್ರಕಟವಾದ ಅವರ 'ದಿ ಯೆಲ್ಲೋ ವಾಲ್‌ಪೇಪರ್' ಕಥೆ ಹುಟ್ಟಿದ್ದು ಈ ಅನುಭವದಿಂದ.

ಗಾಳಿ ನಿಧಾನವಾಗಿ ತಿರುಗಿತು. ಮಾರ್ಬಲ್‌ಹೆಡ್‌ನ ಡಾ. ಹರ್ಬರ್ಟ್ ಹಾಲ್ ತಮ್ಮ ರೋಗಿಗಳನ್ನು ಮಲಗಿಸುವ ಬದಲು ಮಗ್ಗದ ಮುಂದೆ, ಕುಂಬಾರಿಕೆಯ ಮುಂದೆ ಕೂರಿಸಿದರು. ಈ ಪ್ರಯೋಗಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯ 1906ರಲ್ಲಿ 1000 ಡಾಲರ್ ನೆರವು ನೀಡಿತು. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಬೆರಳೆಣಿಕೆಯ ಜನ ಸೇರಿ 'ಆಕ್ಯುಪೇಷನಲ್ ಥೆರಪಿ'ಗಾಗಿ ಸಂಘವೊಂದನ್ನು ಕಟ್ಟಿದರು. ಅವರನ್ನು ಕರೆದು ಸೇರಿಸಿದ ಜಾರ್ಜ್ ಬಾರ್ಟನ್ ವೈದ್ಯರೇ ಅಲ್ಲ, ವಾಸ್ತುಶಿಲ್ಪಿ. ಕ್ಷಯ ಮತ್ತು ಪಾರ್ಶ್ವವಾಯುವಿನಿಂದ ನರಳಿ, ಕೈಗೆಲಸದಿಂದ ಚೇತರಿಸಿಕೊಂಡಿದ್ದ ಅವರು ಸ್ವತಃ ರೋಗಿಯಾಗಿದ್ದವರು. ಮತ್ತೊಬ್ಬರು ಮನೋವೈದ್ಯ ವಿಲಿಯಂ ರಷ್ ಡಂಟನ್. ಅವರಿಗೆ ಕೌದಿಗಳ ಹುಚ್ಚು ಎಷ್ಟಿತ್ತೆಂದರೆ, 1946ರಲ್ಲಿ ಹಳೆಯ ಕೌದಿಗಳ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು.

ಸಂಘ ಹುಟ್ಟಿ ಮೂರು ವಾರಕ್ಕೆ ಅಮೆರಿಕ ಯುದ್ಧಕ್ಕಿಳಿಯಿತು. ಕಂದಕಗಳಲ್ಲಿ ಶೆಲ್ ದಾಳಿಗೆ ಸಿಕ್ಕಿ ನಡುಗುತ್ತಿದ್ದವರಿಗೆ, ಮಾತೇ ನಿಂತುಹೋದವರಿಗೆ ಏನು ಮದ್ದು ಕೊಡುವುದು? ಫ್ರಾನ್ಸ್‌ನಲ್ಲಿ ಇಂಥವರಿಗಾಗಿಯೇ ತೆರೆದ ಸೇನಾ ಆಸ್ಪತ್ರೆಗೆ 1918ರಲ್ಲಿ ಕೈಗೆಲಸ ಕಲಿಸುವ ಮಹಿಳೆಯರು ಹೋದರು. ಇತ್ತ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಬಲಿಪೀಠಕ್ಕೆ 130ಕ್ಕೂ ಹೆಚ್ಚು ಗಾಯಾಳು ಸೈನಿಕರು ಆಸ್ಪತ್ರೆಗಳಲ್ಲಿ ಕುಳಿತು ಕಸೂತಿ ಹೊದಿಕೆ ಮಾಡಿಕೊಟ್ಟರು. ಗಂಡಸರ ಕೈಗೆ ಸೂಜಿ ಬಂದಾಗ ಅದಕ್ಕೆ ವೈದ್ಯಶಾಸ್ತ್ರದ ಮರ್ಯಾದೆ ಬೇಗ ದಕ್ಕಿತೆಂದು ಯಾರಾದರೂ ಮೂಗು ಮುರಿದರೆ ತಪ್ಪೇನಿಲ್ಲ.

1950ರ ದಶಕದಲ್ಲಿ ಮನೋರೋಗಗಳಿಗೆ ಪರಿಣಾಮಕಾರಿ ಮಾತ್ರೆಗಳು ಬಂದವು. ಬುಟ್ಟಿ ಹೆಣೆಸುವವರು ಎಂಬ ಗೇಲಿ ಬೇಸರ ತರಿಸಿ, ಆಕ್ಯುಪೇಷನಲ್ ಥೆರಪಿಯ ಪರಿಣತರೇ ಕೈಗೆಲಸದಿಂದ ದೂರ ಸರಿದರು. ಆದರೂ ಅದು ಪೂರ್ತಿ ಹೋಗಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗಿಗಳ ಪುನರ್ವಸತಿಗೆ ಹೊಲಿಗೆ, ಬೇಕರಿ ಮುಂತಾದ ಕೆಲಸಗಳ ತರಬೇತಿ ಬೆಳೆದುಬಂದಿದೆ.

ಈಚೆಗೆ ಸಂಶೋಧಕರು ಮತ್ತೆ ಹೆಣಿಗೆಯತ್ತ ನೋಡಿದ್ದಾರೆ. ಊಟವನ್ನೇ ತೊರೆಯುವ ಅನೊರೆಕ್ಸಿಯಾ ಕಾಯಿಲೆಯ 38 ಮಹಿಳೆಯರಿಗೆ ಹೆಣಿಗೆ ಕಲಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕಾಡುವ ಭಯ, ಯೋಚನೆಗಳ ತೀವ್ರತೆ ತಗ್ಗಿತೆಂದು ಶೇ 74ರಷ್ಟು ಮಂದಿ ಹೇಳಿದರು. 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯೊಂದು, ನಾನಾ ದೇಶಗಳ 3545 ಹೆಣಿಗೆಗಾರರ ಸಮೀಕ್ಷೆಯನ್ನು ಪ್ರಕಟಿಸಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿ ಕಂಡಿದ್ದಾಗಿ ತಿಳಿಸಿದ್ದರು. ಎರಡೂ ಕೈಗಳ ಲಯ, ಮನೆ ಎಣಿಸುವಾಗಿನ ಏಕಾಗ್ರತೆ, ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದೆಂಬ ಸಮಾಧಾನ, ಗುಂಪಿನ ಹರಟೆ ಎಂದು ಇದಕ್ಕೆ ಹಲವು ಕಾರಣಗಳನ್ನು ಕೊಡುತ್ತಾರೆ. ಆದರೆ ಸಮೀಕ್ಷೆಗೆ ಉತ್ತರಿಸಿದವರು ಹೆಣಿಗೆಯನ್ನು ಮೊದಲೇ ಮೆಚ್ಚಿ ತಾವಾಗಿ ಕೈಗೆತ್ತಿಕೊಂಡವರು. ಅನೊರೆಕ್ಸಿಯಾ ಅಧ್ಯಯನದಲ್ಲಿ ಹೆಣೆಯದ ರೋಗಿಗಳ ಗುಂಪನ್ನು ಜೊತೆಗಿಟ್ಟು ಹೋಲಿಸಿರಲಿಲ್ಲ.