ಆಟಿಸಂ ಇರುವ ಮಕ್ಕಳ ಕಣ್ಣೋಟ ಮತ್ತು ಮಾತಿಲ್ಲದ ಸಂವಹನ: ಇತಿಹಾಸ

ಮುಖ ನೋಡದಿರುವುದು, ಹೆಸರು ಹಿಡಿದು ಕರೆದರೂ ತಿರುಗದಿರುವುದು, ಬೇಕಾದುದನ್ನು ಬೆರಳಿಂದ ತೋರಿಸದೆ ದೊಡ್ಡವರ ಕೈಹಿಡಿದು ಎಳೆದೊಯ್ಯುವುದು: ಇವು ಆಟಿಸಂನ ಎಳವೆಯ ಲಕ್ಷಣಗಳು. ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲೇ ಇಂಥ ವರ್ತನೆಗಳ ವಿವರವಿದೆ.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಐವಾರ್ ಲೋವಾಸ್ ರೂಪಿಸಿದ ತರಬೇತಿಯಲ್ಲಿ ‘ನನ್ನನ್ನು ನೋಡು’ ಎಂದು ಹೇಳುವುದು, ನೋಡಿದರೆ ತಿನ್ನಲು ಏನಾದರೂ ಕೊಡುವುದು ಮೊದಲ ಪಾಠಗಳಲ್ಲೊಂದಾಗಿತ್ತು. ಈ ಪದ್ಧತಿ ಲೋಕದೆಲ್ಲೆಡೆ ಹಬ್ಬಿತು. ಎದುರಿನವರ ಕಣ್ಣನ್ನೇ ನೋಡುತ್ತ ಕೂತರೆ ಮಾತು ಕಿವಿಗೆ ಬೀಳುವುದಿಲ್ಲ, ಹಿಂಸೆಯಾಗುತ್ತದೆ ಎಂದು ಆಟಿಸಂ ಇರುವ ವಯಸ್ಕರೇ ಬರೆಯತೊಡಗಿದ ಮೇಲೆ ಅದರ ಮೇಲಿನ ನಂಬಿಕೆ ಸಡಿಲವಾಯಿತು. ಒತ್ತಾಯದ ನೋಟ ಸಂವಹನವಲ್ಲ. ಹಿರಿಯರೆದುರು ಕಣ್ಣು ತಗ್ಗಿಸುವುದನ್ನು ಮರ್ಯಾದೆಯೆಂದು ಕಲಿಸುವ ನಮ್ಮ ಮನೆಗಳಲ್ಲಂತೂ ನೋಟವೊಂದರಿಂದಲೇ ಮಗುವನ್ನು ಅಳೆಯಲಾಗದು. ಮಗು ಆಡುತ್ತಿರುವ ವಸ್ತುವಿನತ್ತ ದೊಡ್ಡವರೇ ಗಮನ ಹರಿಸುವುದು, ಅದರ ಕಣ್ಣಿನ ಮಟ್ಟಕ್ಕೆ ಕೂರುವುದು, ಒಂದು ಸನ್ನೆ ಮಾಡಿ ಉತ್ತರಕ್ಕೆ ಕಾಯುವುದು ಇಂದಿನ ಕ್ರಮ. ಚಿತ್ರದ ಚೀಟಿ ಕೊಟ್ಟು ಬೇಕಾದುದನ್ನು ಕೇಳುವ ‘ಪೆಕ್ಸ್’ ವಿಧಾನ ಅಮೆರಿಕದಲ್ಲಿ 1985ರಲ್ಲಿ ಬಂತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬುನಾದಿಯಾದದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965). ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತರು 2000ದ ಸುಮಾರಿಗೆ ಬೆಂಗಳೂರಿನಲ್ಲಿ ಆರಂಭಿಸಿದ ‘ಕಾಮ್ ಡೀಲ್’, ಮಕ್ಕಳು ಶಾಲೆಗೆ ಹೋಗುವ ಮೊದಲೇ ಅವರಿಗೆ ಸಂವಹನ ಕಲಿಸುವ ಕಾರ್ಯಕ್ರಮ.

ಆದರೆ ಬೀದರ್ ಜಿಲ್ಲೆಯ ಹುಮನಾಬಾದ್ ಬಳಿಯ ಮಾಣಿಕನಗರದಂಥ ಊರುಗಳಿಗೆ ಇವೆರಡೂ ದೂರ. ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದರೆ ಸಿಕಂದರಾಬಾದ್‌ನ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆಯೇ (1984) ಹತ್ತಿರ. ಭಾರತೀಯ ಆಟಿಸಂ ಮಾಪನ ‘ಇಸಾ’ ಸಿದ್ಧವಾದದ್ದೂ ಅಲ್ಲಿಯೇ. ಅದರ 40 ಅಂಶಗಳಲ್ಲಿ ಮೊದಲನೆಯದು ಕಣ್ಣೋಟ. ಕನ್ನಡ, ಮರಾಠಿ, ದಖ್ಖನಿ ಉರ್ದು ಒಟ್ಟಿಗೆ ಕಿವಿಗೆ ಬೀಳುವ ಈ ಸೀಮೆಯಲ್ಲಿ ಮಗುವಿಗೆ ಒಂದೇ ಭಾಷೆ ಸಾಕೆಂದು ಮನೆಮಾತನ್ನು ಕಿತ್ತುಕೊಳ್ಳುವುದು ಅನ್ಯಾಯ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ‘ಬಾ’, ‘ಕೊಡು’, ‘ಸಾಕು’ ಎನ್ನುವ ಕೈಸನ್ನೆಗಳಂತೂ ಮೂರೂ ಭಾಷೆಗೆ ಸಲ್ಲುತ್ತವೆ.

ತಜ್ಞರಿಲ್ಲದ ಊರುಗಳಿಗೆ ಭರವಸೆ ಕೊಟ್ಟದ್ದು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ. ತಜ್ಞರಲ್ಲದ ಕಾರ್ಯಕರ್ತರು ಮಗುವಿನೊಂದಿಗಿನ ಆಟದ ವಿಡಿಯೋ ತೋರಿಸಿ ತಂದೆತಾಯಿಗೆ ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು.