ದಾರಿಬದಿಯ ಗುಜರಿ

ಗುಜರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ತುಕ್ಕು ಹಿಡಿದ ಕಬ್ಬಿಣ, ಹಳೆಯ ಪೇಪರಿನ ಕಟ್ಟು, ತಕ್ಕಡಿ. ಆದರೆ ಹಿಂದೂಸ್ತಾನಿಯಲ್ಲಿ ‘ಗುಜ್ರಿ’ ಎಂದರೆ ಸಂಜೆಯ ಹೊತ್ತು ದಾರಿಬದಿಯಲ್ಲಿ ಕೂಡುವ ಸಂತೆ. ಅದು ಸರಕಿನ ಹೆಸರಲ್ಲ, ಸಂತೆಯ ಹೆಸರು. ಈ ವ್ಯತ್ಯಾಸದ ಬೆಲೆ ನಮಗೆ ತಿಳಿದದ್ದು ದೆಹಲಿಯ ದರಿಯಾಗಂಜಿನಲ್ಲಿ.

ಅಲ್ಲಿಯ ಹಳೆಯ ಪುಸ್ತಕಗಳ ಸಂತೆ 1960ರ ದಶಕದಿಂದ ಭಾನುವಾರಗಳಂದು ಕೂಡುತ್ತ ಬಂದಿತು. ಭಾನುವಾರವೇ ಏಕೆಂದರೆ ಅಂದು ಆ ಬೀದಿಯ ಅಂಗಡಿಗಳಿಗೆ ರಜೆ. ಮುಚ್ಚಿದ ಬಾಗಿಲುಗಳ ಮುಂದಿನ ಕಾಲುದಾರಿ ಬಾಡಿಗೆಯಿಲ್ಲದ ಮಳಿಗೆಯಾಗುತ್ತಿತ್ತು. ಪಕ್ಕದ ಅನ್ಸಾರಿ ರಸ್ತೆ ಪ್ರಕಾಶಕರ ಕೇರಿಯಾದ್ದರಿಂದ ಮಾರಾಟವಾಗದೆ ಉಳಿದ ಪ್ರತಿಗಳು ಹತ್ತಿರದಲ್ಲೇ ಸಿಗುತ್ತಿದ್ದವು. ಮಿಕ್ಕವು ಕಬಾಡಿಗಳ ಚೀಲಗಳಲ್ಲಿ ಊರಿನ ಮನೆಮನೆಗಳಿಂದ ಬರುತ್ತಿದ್ದವು. ವರ್ಗಾವರ್ಗಿಯ ನೌಕರಿಯ ನಾವೂ ಒಮ್ಮೆ ಎರಡು ಚೀಲ ಕೊಟ್ಟವರೇ, ಇಂಗ್ಲಿಷ್ ಎಂ.ಎ. ತರಗತಿಯ ಪಠ್ಯಗಳು ಆ ದಿನ ರದ್ದಿಯ ದರಕ್ಕೇ ತೂಗಿದವು.

ತೂಕಕ್ಕೆ ಕೊಂಡು ಬಿಡಿಯಾಗಿ ಮಾರುವುದು ಇಲ್ಲಿಯ ವ್ಯಾಪಾರದ ಮೂಲ. ಲಾಭವಿರುವುದು ಈ ಎರಡರ ನಡುವಿನ ಆರಿಸುವಿಕೆಯಲ್ಲಿ. ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳು ಒಂದು ಕಡೆ, ಯಾವುದನ್ನೆತ್ತಿದರೂ ಒಂದೇ ಬೆಲೆಯ ಕಾದಂಬರಿಗಳ ರಾಶಿ ಇನ್ನೊಂದು ಕಡೆ. ಆ ರಾಶಿಯನ್ನು ಜೋಡಿಸಿಡಬಾರದು ಎಂಬುದು ಅಲ್ಲಿ ಹಲವರು ಬಲ್ಲ ಗುಟ್ಟು. ಕೆದಕಿ ತೆಗೆದದ್ದನ್ನು ಗಿರಾಕಿ ತನ್ನ ಶೋಧವೆಂದೇ ಭಾವಿಸುತ್ತಾನೆ, ಚೌಕಾಸಿ ಮರೆಯುತ್ತಾನೆ. ಅಪರೂಪದ ಪುಸ್ತಕ ಮಾತ್ರ ಮಾರುವವನ ಮೊಣಕಾಲಿನ ಪಕ್ಕದಲ್ಲಿರುತ್ತದೆ, ಕೇಳಿದವರಿಗಷ್ಟೇ.

ಒಂದು ಚಳಿಗಾಲ ಅಂಥ ರಾಶಿಯಲ್ಲಿ ನಮಗೊಂದು ಹಳೆಯ ಕನ್ನಡ ಕವನಸಂಕಲನ ಕಂಡಿತು. ಜಾಣತನ ತೋರಲು ಹೊರಟೆವು. ಇಂಗ್ಲಿಷ್ ಕಾದಂಬರಿಯೊಂದನ್ನು ಹಿಡಿದು ಬಹಳ ಹೊತ್ತು ಚೌಕಾಸಿ ಮಾಡಿ, ಕೊನೆಗೆ ಇದೂ ಇರಲಿ ಎಂಬಂತೆ ಕನ್ನಡ ಪುಸ್ತಕವನ್ನು ಮುಂದಿಟ್ಟೆವು. ಕಾದಂಬರಿ ಇಪ್ಪತ್ತು, ಇದು ನೂರು ಎಂದನಾತ. ಓದಲು ಬರುತ್ತದೆಯೇ ಎಂದು ಕೇಳಿದೆವು. "ನನಗೇಕೆ ಬರಬೇಕು ಸಾಹೇಬ್? ನೀವು ಧೂಳು ಒರೆಸಿದ್ದು ಇದರದ್ದೊಂದನ್ನೇ." ಮುಖ ನೋಡಿ ಮಣೆ ಹಾಕುವುದನ್ನು ಕೇಳಿದ್ದೆವು, ಮುಖ ನೋಡಿ ಬೆಲೆ ಹಾಕುವುದನ್ನು ಅಂದು ಕಂಡೆವು. ನೂರು ಕೊಟ್ಟೆವು.

ಈ ವಿದ್ಯೆಗೆ ನೋಡಲು ಮುಖಗಳಾದರೂ ಬೇಕು. 2019ರ ಜುಲೈನಲ್ಲಿ ವಾಹನದಟ್ಟಣೆಯ ಕಾರಣಕ್ಕೆ ದೆಹಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಸಂತೆ ನಿಂತಿತು. 200ಕ್ಕೂ ಹೆಚ್ಚು ವ್ಯಾಪಾರಿಗಳು ಕೆಲವು ವಾರ ಸಂಪಾದನೆಯಿಲ್ಲದೆ ಕಳೆದರು. ಸೆಪ್ಟೆಂಬರಿನಲ್ಲಿ ಅವರಿಗೆ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್ ಆವರಣದಲ್ಲಿ ಜಾಗ ದೊರೆಯಿತು. ಒಕ್ಕಲೆಬ್ಬಿಸಿದ ಮಾತ್ರಕ್ಕೆ ಸಂತೆ ಸಾಯಬೇಕೆಂದಿಲ್ಲ. ಪ್ಯಾರಿಸಿನ ಆಡಳಿತಾಧಿಕಾರಿ ಪೂಬೆಲ್ 1883ರಲ್ಲಿ ಕಸಕ್ಕೆ ತೊಟ್ಟಿ ಕಡ್ಡಾಯ ಮಾಡಿದಾಗ ಚಿಂದಿ ಆಯುವವರ ಜೀವನಕ್ಕೆ ಪೆಟ್ಟು ಬಿದ್ದಿತು. ಅಂಥವರು ಕೋಟೆಯ ಹೊರಗೆ ಸೇಂಟ್ ಊವಾನಿನಲ್ಲಿ ಹರಡಿಕೊಂಡ ಹಳೆಯ ಸಾಮಾನೇ ಮುಂದೆ ಜಗತ್ಪ್ರಸಿದ್ಧ ‘ಚಿಗಟಗಳ ಸಂತೆ’ಯಾಯಿತು.

ದರಿಯಾಗಂಜಿನವರಿಗೆ ದೊರೆತದ್ದರಲ್ಲಿ ಸಮತಟ್ಟಾದ ನೆಲವಿದೆ, ಮೈಲುದ್ದ ನಡೆಯಬೇಕಿಲ್ಲ. ಪುಸ್ತಕ ಕೊಳ್ಳಲೆಂದೇ ಹೊರಟವರಿಗೆ ಅನುಕೂಲವೇ. ಆದರೆ ಬಸ್ಸಿಗೆ ಹೊರಟು ಬರಿಗೈಲಿ ಹೋಗಲಾರದೆ ಒಂದು ಪುಸ್ತಕ ಕೊಳ್ಳುತ್ತಿದ್ದ ದಾರಿಹೋಕ ಬೇಲಿಯೊಳಗೆ ಬರುವುದಿಲ್ಲ. ಹೊಸ ಜಾಗದಲ್ಲಿ ನಮ್ಮ ವ್ಯಾಪಾರಿಯನ್ನು ಹುಡುಕಿ ಹೋದಾಗ ಆತ ಹೇಳಿದ್ದೂ ಇದನ್ನೇ: ಈಗ ಬರುವವರು ಪಟ್ಟಿ ಹಿಡಿದು ಬರುತ್ತಾರೆ, ಬೆಲೆಯನ್ನು ಮೊಬೈಲಿನಲ್ಲಿ ನೋಡಿಕೊಂಡೇ ಕೇಳುತ್ತಾರೆ. ಆಮೇಲೆ ಬಟ್ಟೆಯಡಿಯಿಂದ ಒಂದು ಪುಸ್ತಕ ತೆಗೆದು, ನಿಮಗಾಗಿ ಮೂರು ತಿಂಗಳಿಂದ ಎತ್ತಿಟ್ಟಿದ್ದೇನೆ, ನಿಮ್ಮ ಭಾಷೆಯದು ಎಂದ. ತೆರೆದು ನೋಡಿದರೆ ತೆಲುಗು. ಬೆಲೆ ಕೇಳಿದೆವು.