ಮಕ್ಕಳ ವಿದ್ಯುತ್ ಶಿಕ್ಷಣ (ಚಾಮರಾಜನಗರ ಜಿಲ್ಲೆ)

ಮಕ್ಕಳ ವಿದ್ಯುತ್ ಶಿಕ್ಷಣವು ವಿದ್ಯುತ್ತಿನ ಉತ್ಪಾದನೆ, ಹರಿವು, ಉಪಯೋಗ ಮತ್ತು ಅಪಾಯಗಳನ್ನು ಸರಳ ಪ್ರಯೋಗಗಳ ಮೂಲಕ ತಿಳಿಸುವ ಶಾಲಾ ವಿಜ್ಞಾನದ ಭಾಗವಾಗಿದೆ. ಚಾಮರಾಜನಗರ ಜಿಲ್ಲೆಯಲ್ಲಿ, ಅದರಲ್ಲೂ ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಈ ಪಾಠದ ನಿದರ್ಶನಗಳು ಕೊಳವೆಬಾವಿಯ ಪಂಪಿನಲ್ಲಿಯೂ ಹೊಲದ ಬೇಲಿಯಲ್ಲಿಯೂ ದೊರೆಯುತ್ತವೆ.

ಉತ್ಪಾದನೆಯ ನಿದರ್ಶನ

ಜಿಲ್ಲೆಯ ಗಡಿಯಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿಯು ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುತ್ತದೆ. ಭರಚುಕ್ಕಿಯು ಚಾಮರಾಜನಗರದ ಕಡೆಗೂ, ವಿದ್ಯುದಾಗಾರವು ಮಂಡ್ಯ ಜಿಲ್ಲೆಯ ದಡದಲ್ಲಿಯೂ ಇವೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಈ ಯೋಜನೆಯು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿತು; 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಇದೇ ವಿದ್ಯುತ್ತಿನಿಂದ ಬೆಳಗಿದವು. ಬೀಳುವ ನೀರು ಟರ್ಬೈನನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಜನರೇಟರಿನಲ್ಲಿ ಅಯಸ್ಕಾಂತ ಮತ್ತು ತಂತಿಸುರುಳಿಗಳ ನಡುವಿನ ಚಲನೆಯಿಂದ ವಿದ್ಯುತ್ ಉಂಟಾಗುತ್ತದೆ. ಸೈಕಲ್ಲಿನ ಡೈನಮೋ ಇದೇ ತತ್ತ್ವವನ್ನು ತರಗತಿಯಲ್ಲಿಯೇ ತೋರಿಸಬಲ್ಲದು.

ತರಗತಿಯ ಪ್ರಯೋಗ ಮತ್ತು ಅದರ ಮಿತಿ

ಮೊದಲ ಪ್ರಯೋಗಕ್ಕೆ 1.5 ವೋಲ್ಟಿನ ಒಂದು ಶುಷ್ಕಕೋಶ, ಟಾರ್ಚ್ ಬಲ್ಬ್ ಮತ್ತು ತಂತಿಗಳು ಸಾಕು. ಮಂಡಲ ಪೂರ್ಣಗೊಂಡರೆ ಬಲ್ಬು ಉರಿಯುತ್ತದೆ. ತಂತಿಯ ನಡುವೆ ಮೊಳೆಯನ್ನಿಟ್ಟರೂ ಉರಿಯುತ್ತದೆ. ಒಣ ಕಡ್ಡಿಯನ್ನಿಟ್ಟರೆ ಆರುತ್ತದೆ. ಆದರೆ ಬೆರಳನ್ನಿಟ್ಟರೂ ಬಲ್ಬು ಆರುವುದರಿಂದ, ದೇಹವು ಅವಾಹಕವೆಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಉಳಿಯುವ ಸಂಭವವಿದೆ. ಇದನ್ನು ಅಲ್ಲಿಯೇ ತಿದ್ದುವುದು ಅವಶ್ಯಕ. ಒದ್ದೆ ಮೈಯ ರೋಧವನ್ನು 2,000 ಓಮ್ ಎಂದಿಟ್ಟುಕೊಂಡರೆ, 1.5 ವೋಲ್ಟಿನಲ್ಲಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ ಪ್ರವಾಹ ಹರಿಯುತ್ತದೆ. ಅದು ಬಲ್ಬನ್ನು ಉರಿಸಲಾರದು. ಮನೆಯ 230 ವೋಲ್ಟಿನಲ್ಲಿ ಅದೇ ಮೈಯಲ್ಲಿ 115 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸಲು ಇಷ್ಟು ಸಾಕು.

ಬೇಲಿಯ ಪಾಠ

ಆನೆ, ಕಾಡುಹಂದಿಗಳಿಂದ ಬೆಳೆಯನ್ನು ಕಾಯಲು ಕಾಡಂಚಿನ ರೈತರು ಸೋಲಾರ್ ಬೇಲಿಯನ್ನು ಹಾಕುತ್ತಾರೆ. ಇದರ ವೋಲ್ಟೇಜ್ ಹಲವು ಸಾವಿರದಷ್ಟಿದ್ದರೂ, ಸರಿಯಾಗಿ ಅಳವಡಿಸಿದ ಬೇಲಿಯು ಮುಟ್ಟಿದವರನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅದರ ಉಪಕರಣವು ಸುಮಾರು ಸೆಕೆಂಡಿಗೊಮ್ಮೆ ಮಾತ್ರ, ಅದೂ ಅತ್ಯಲ್ಪ ಕಾಲ, ಮಿಡಿತದ ರೂಪದಲ್ಲಿ ವಿದ್ಯುತ್ ಹರಿಸುತ್ತದೆ. ಪ್ರಾಣಿಯು ಬೆದರಿ ಹಿಂದೆ ಸರಿಯಲು ನಡುವೆ ಬಿಡುವಿರುತ್ತದೆ. ಪಂಪಿನ ಲೈನಿನಿಂದ ಬೇಲಿಗೆ ನೇರವಾಗಿ ಎಳೆದ ತಂತಿಯಲ್ಲಿ ಅಂತಹ ಬಿಡುವಿಲ್ಲ. ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ಇಂತಹ ಅಕ್ರಮ ಬೇಲಿಗಳಿಗೆ ಆನೆಗಳಷ್ಟೇ ಅಲ್ಲದೆ ಮನುಷ್ಯರೂ ಬಲಿಯಾಗಿದ್ದಾರೆ. ಹೆಚ್ಚು ವೋಲ್ಟಿನ ಬೇಲಿಗಿಂತ ಕಡಿಮೆ ವೋಲ್ಟಿನದು ಮಾರಕವಾಗುವುದೇಕೆ ಎಂಬುದು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪಠ್ಯದ ಲೆಕ್ಕಗಳಿಗಿಂತ ಉಪಯುಕ್ತವಾದ ಪ್ರಶ್ನೆ.

ಯಾರಾದರೂ ತಂತಿಗೆ ಸಿಲುಕಿದ್ದರೆ ಅವರನ್ನು ಮುಟ್ಟದೆ ಮೊದಲು ಸ್ವಿಚ್ ಅಥವಾ ಫ್ಯೂಸ್ ತೆಗೆಯಬೇಕೆಂದು ಮಕ್ಕಳಿಗೆ ಕಲಿಸಲಾಗುತ್ತದೆ. ಹರಿದು ಬಿದ್ದ ಲೈನಿನಿಂದ ದೂರ ನಿಂತು, ಹಿರಿಯರಿಗೆ ತಿಳಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.